ಸಂಪಾದಕರ ಉತ್ತರ: ಗಾಡಿ ಹೊಡೆದ ಸೈನಿಕನ ಬದುಕನ್ನೇ ಬರೆಯಿರಿ

ಚಿತ್ತಾಪುರ ತಾಲ್ಲೂಕಿನ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಅಚ್ಚಾಗುವುದು ಬೇಡವೆಂದು ಕೇಳಿಕೊಂಡಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. 1983ರಲ್ಲಿ ಸೈನ್ಯ ಸೇರಿ, ಸೈನ್ಯಕ್ಕೆ ದಿನಸಿ, ಸಾಮಗ್ರಿ ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ (ಎಎಸ್‌ಸಿ) ಹದಿನೇಳು ವರ್ಷ ಚಾಲಕರಾಗಿ ದುಡಿದು, ನಾಯಕ್ ದರ್ಜೆಯಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ನಿಮ್ಮ ತಂದೆಯವರ ಬಗ್ಗೆ ನೀವು ಬರೆದ ಲೇಖನವನ್ನು ನಾವು ಹಿಂದಿರುಗಿಸಿದ್ದು ನಿಮಗೆ ನೋವು ತಂದಿದೆ. ‘ಪದಕ ಬಂದವರ ಬಗ್ಗೆ ಮಾತ್ರ ಅಚ್ಚು ಹಾಕುತ್ತೀರಾ, ಹೊಲ ಮಾಡಿಕೊಂಡಿರುವ ಮಾಜಿ ಸೈನಿಕನಿಗೆ ನಿಮ್ಮಲ್ಲಿ ಜಾಗವಿಲ್ಲವೇ’ ಎಂದು ಕೇಳಿದ್ದೀರಿ. ಜಾಗ ಇದೆ, ಈಗಲೂ ಕಾದಿರಿಸಿದ್ದೇವೆ. ಲೇಖನದ ತುಂಬ ಹುಡುಕಿದರೂ ನಿಮ್ಮ ತಂದೆಯವರು ನಮಗೆ ಕಾಣಲಿಲ್ಲ. ಅದಕ್ಕಾಗಿಯೇ ಮರಳಿ ಕಳಿಸಿದೆವು.

ನೀವು ಕಳಿಸಿದ ಪುಟಗಳಲ್ಲಿ ಬಹುಪಾಲು ಕಾರ್ಗಿಲ್ ಯುದ್ಧವೇ ಇದೆ. 1999ರ ಜೂನ್ 13ರಂದು ತೋಲೋಲಿಂಗ್ ಕೈವಶವಾದದ್ದು, ಜುಲೈ 4ರಂದು ಟೈಗರ್ ಹಿಲ್ ಮರಳಿ ನಮ್ಮದಾದದ್ದು, ಜುಲೈ 26ಕ್ಕೆ ಯುದ್ಧ ಮುಗಿದದ್ದು, ಇವೆಲ್ಲ ಸರಿಯಾಗಿಯೇ ಇವೆ. ಆದರೆ ಆ ಶಿಖರಗಳನ್ನು ಹತ್ತಿದವರಲ್ಲಿ ನಿಮ್ಮ ತಂದೆಯವರು ಇರಲಿಲ್ಲ, ಇದ್ದೆನೆಂದು ಅವರು ಎಂದೂ ಹೇಳಿಕೊಂಡಿಲ್ಲ. ‘ನಾ ಗುಂಡು ಹೊಡಿಲಿಲ್ಲಪಾ, ಗಾಡಿ ಹೊಡ್ದೆ’ ಎಂದು ಅವರೇ ನಿಮಗೆ ಹೇಳಿದ್ದನ್ನು, ಅದೊಂದು ಕೊರತೆಯೇನೋ ಎಂಬಂತೆ, ನೀವು ಕೊನೆಯ ಪುಟಕ್ಕೆ ತಳ್ಳಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಆ ಮಾತಿನಿಂದ.

ಅವರು ಗಾಡಿ ಹೊಡೆದದ್ದು ಯಾವ ರಸ್ತೆಯಲ್ಲಿ ಎಂಬುದನ್ನು ಸ್ವಲ್ಪ ಯೋಚಿಸಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಆ ದಾರಿ ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆಮಾರ್ಗವನ್ನು ದಾಟುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿದ್ದ ಆ ಕಾಲದಲ್ಲಿ, ಮೇಲೆ ಕಾವಲಿದ್ದ ಪಲ್ಟನ್‌ಗಳಿಗೆ ತಿಂಗಳುಗಟ್ಟಲೆ ಬೇಕಾಗುವ ಹಿಟ್ಟು, ಬೇಳೆ, ಸೀಮೆಎಣ್ಣೆಯನ್ನೆಲ್ಲ ಬೇಸಿಗೆಯೊಳಗೇ ಲಾರಿಗಳಲ್ಲಿ ಏರಿಸಿಬಿಡಬೇಕಿತ್ತು. 1999ರಲ್ಲಿ ನುಸುಳಿ ಬಂದವರು ದ್ರಾಸ್ ಸುತ್ತಲಿನ ಎತ್ತರಗಳನ್ನು ಹಿಡಿದದ್ದೂ ಇದೇ ರಸ್ತೆಯ ಮೇಲೆ ಹತೋಟಿ ಸಾಧಿಸಲು. ಮೇಲಿನಿಂದ ತೋಪಿನ ಗುಂಡು ಬೀಳುತ್ತಿದ್ದ ಆ ದಾರಿಯಲ್ಲಿ ಲಾರಿಗಳು ರಾತ್ರಿ ಹೊತ್ತು ದೀಪ ಆರಿಸಿಕೊಂಡು ಸಾಗುತ್ತಿದ್ದವು. ಬೊಫೋರ್ಸ್ ತೋಪಿನ 155 ಮಿಲಿಮೀಟರ್ ಗುಂಡು ಒಂದೊಂದೂ 40 ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ತೋಪಿನ ಬಳಿಗೆ ಯಾರೋ ಮುಟ್ಟಿಸಿದ್ದರಿಂದಲೇ ಶಿಖರ ಹತ್ತುವವರಿಗೆ ಆಸರೆ ಸಿಕ್ಕಿತು. ಕಾಗಿಣಾ ನದಿ ದಂಡೆಯ ಎರೆಹೊಲದಲ್ಲಿ ಎತ್ತಿನ ಗಾಡಿ ಹೊಡೆದು ಬೆಳೆದ ಹುಡುಗ ಬೆಂಗಳೂರಿನಲ್ಲಿ ತರಬೇತಿ ಪಡೆದು ಆ ತಿರುವುಗಳಲ್ಲಿ ಶಕ್ತಿಮಾನ್ ಲಾರಿ ಓಡಿಸುವುದನ್ನು ಹೇಗೆ ಕಲಿತ, ಮೊದಲ ಸಲ ಹಿಮದ ಮೇಲೆ ಚಕ್ರ ಜಾರಿದಾಗ ಏನು ಮಾಡಿದ, ಪಕ್ಕದಲ್ಲಿ ಕೂತವರು ಯಾವ ಊರಿನವರು, ಊಟಕ್ಕೆ ರೊಟ್ಟಿ ಸಿಗದ ದಿನಗಳನ್ನು ಹೇಗೆ ಕಳೆದ, ಇದನ್ನೆಲ್ಲ ಕೇಳಿ ಬರೆಯಬಲ್ಲವರು ನೀವೊಬ್ಬರೇ. ಟೈಗರ್ ಹಿಲ್ ಬಗ್ಗೆ ಬರೆಯಲು ಬೇರೆಯವರು ಇದ್ದಾರೆ.

ಕೇಳಿದರೆ ಹೇಳುವುದಿಲ್ಲ ಎಂದು ನೀವು ಬರೆದಿದ್ದೀರಿ. ‘ಯುದ್ಧದಲ್ಲಿ ಏನಾಯಿತು’ ಎಂದು ನೇರವಾಗಿ ಕೇಳಿದರೆ ಯಾವ ಸೈನಿಕರೂ ಸುಲಭವಾಗಿ ಬಾಯಿ ಬಿಡುವುದಿಲ್ಲ. ರಜೆಯ ಬಗ್ಗೆ ಕೇಳಿ ನೋಡಿ. ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ. ಆ ಅರವತ್ತು ದಿನಗಳನ್ನು ಜೂನ್‌ನ ಬಿತ್ತನೆಗೆ ಕೇಳುವುದೋ, ತೊಗರಿ ರಾಶಿಗೆ ಕೇಳುವುದೋ ಎಂಬ ಲೆಕ್ಕ ನಮ್ಮ ಭಾಗದ ಪ್ರತಿಯೊಬ್ಬ ಸೈನಿಕನ ತಲೆಯಲ್ಲೂ ಇರುತ್ತಿತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಮನೆಮಂದಿಯೊಡನೆ ಭಜ್ಜಿ, ಸಜ್ಜೆ ರೊಟ್ಟಿ ಉಂಡದ್ದು ಎಷ್ಟು ಸಲ, ತಪ್ಪಿದ್ದು ಎಷ್ಟು ಸಲ ಎಂದು ಕೇಳಿ. ಕರ್ನಾಟಕ ಎಕ್ಸ್‌ಪ್ರೆಸ್‌ನಿಂದ ವಾಡಿ ಜಂಕ್ಷನ್‌ನಲ್ಲಿ ಟ್ರಂಕು ಹೊತ್ತು ಇಳಿದಾಗ ಕರೆಯಲು ಯಾರು ಬರುತ್ತಿದ್ದರು ಎಂದು ಕೇಳಿ. ಅಲ್ಲಿಂದ ಮಾತು ತಾನೇ ಮುಂದುವರಿಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಆ ಹದಿನೇಳು ವರ್ಷ ನಾಲ್ಕು ಎಕರೆ ಹೊಲವನ್ನು ನೋಡಿಕೊಂಡವರು ಯಾರು? ‘ತಾಯಿ ಮನೆ ನೋಡಿಕೊಂಡರು’ ಎಂಬ ಒಂದೇ ವಾಕ್ಯದಲ್ಲಿ ನೀವು ಅದನ್ನು ಮುಗಿಸಿದ್ದೀರಿ. ಬೀಜ ತಂದವರು, ಕೂರಿಗೆಗೆ ಎತ್ತು ಹೊಂದಿಸಿದವರು, ಕಳೆ ತೆಗೆಸಿದವರು, ದಾಯಾದಿಗಳು ಬದು ಒತ್ತಿದಾಗ ಎದುರು ನಿಂತವರು, ಗಂಜ್‌ನಲ್ಲಿ ಅಡತಿಯವರೊಡನೆ ತೂಕದ ಜಗಳ ಆಡಿದವರು ಅವರೇ ಆಗಿರಬೇಕಲ್ಲವೇ? ನಿಮ್ಮ ತಂದೆಯವರು ಗಡಿಯಲ್ಲಿ ನಿಲ್ಲಲು ಸಾಧ್ಯವಾದದ್ದು ತಾಯಿಯವರು ಹೊಲದಲ್ಲಿ ನಿಂತದ್ದರಿಂದ. ಅವರನ್ನೂ ಕೂರಿಸಿಕೊಂಡು ಕೇಳಿ. ಲೇಖನದ ಅರ್ಧ ಅವರಿಗೆ ಸೇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಿವೃತ್ತಿಯ ನಂತರದ ಬದುಕನ್ನೂ ಅವಸರದಲ್ಲಿ ದಾಟಿದ್ದೀರಿ. ಬಾಡಿಗೆಗೆ ಟ್ರಾಕ್ಟರ್ ಹೊಡೆದದ್ದು, ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿಪಾಳಿಯ ಕಾವಲು ಕಾದು ಬೆಳಿಗ್ಗೆ ನೇರ ಹೊಲಕ್ಕೆ ಹೋದದ್ದು ಸಂಕೋಚದ ಸಂಗತಿಗಳೇ? ಸಿಪಾಯಿ ಪಲ್ಟನ್ ಬಿಟ್ಟು ಬರುವುದು ನಲವತ್ತರೊಳಗೆ. ಮುಂದಿನ ಇಪ್ಪತ್ತು-ಮೂವತ್ತು ವರ್ಷದ ದುಡಿಮೆಯೂ ಅದೇ ಮನುಷ್ಯನದು. 2022ರ ಹಂಗಾಮಿನಲ್ಲಿ ನೆಟೆರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದಾಗ ಮನೆ ನಡೆದದ್ದು ಪೆನ್ಶನ್‌ನಿಂದ ಎಂದು ನೀವೇ ಬರೆದಿದ್ದೀರಿ. 2024-25ರಲ್ಲಿ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆ ಇದ್ದರೂ ಪಕ್ಕದ ಹೊಲದವರು ಸಾಲದ ಒತ್ತಡಕ್ಕೆ ಕಡಿಮೆ ಬೆಲೆಗೆ ಮಾರಿದರು, ತಂದೆಯವರು ಮಾತ್ರ ಖರೀದಿ ಕೇಂದ್ರ ತೆರೆಯುವ ತನಕ ಚೀಲ ಮನೆಯಲ್ಲೇ ಇಟ್ಟುಕೊಂಡರು ಎಂಬ ನಿಮ್ಮ ವಿವರ ಬಹಳ ಮಹತ್ವದ್ದು. ತಿಂಗಳಿಗೆ ತಪ್ಪದೆ ಬರುವ ಹಣ ಒಬ್ಬ ಒಣಬೇಸಾಯಗಾರನಿಗೆ ಕೊಡುವ ಧೈರ್ಯ ಎಂಥದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾರೂ ನಮಗೆ ಬರೆದು ಕಳಿಸಿರಲಿಲ್ಲ. ಅದನ್ನು ವಿಸ್ತರಿಸಿ.

ಈಗ ಲೇಖನಕ್ಕಿಂತ ತುರ್ತಾದ ಮಾತು. ತಂದೆಯವರ ಡಿಸ್ಚಾರ್ಜ್ ಬುಕ್‌ನಲ್ಲಿರುವ (ನಿವೃತ್ತಿಯ ಹೊತ್ತಿಗೆ ಸೈನ್ಯ ಕೊಡುವ ಸೇವಾ ದಾಖಲೆ) ತಾಯಿಯವರ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ವ್ಯತ್ಯಾಸವಿದೆ ಎಂದು ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮದುವೆಯ ಹೊತ್ತಿಗೆ ಬದಲಾದ ಹೆಸರು, ಬರೆದುಕೊಳ್ಳುವವರು ಕೇಳಿಸಿಕೊಂಡಂತೆ ಹಿಂದಿಯಲ್ಲಿ ಬರೆದ ಹೆಸರು, ಅಂದಾಜಿನ ಜನ್ಮದಿನಾಂಕ, ಇಂಥ ಸಣ್ಣ ವ್ಯತ್ಯಾಸಗಳಿಂದಲೇ ಕುಟುಂಬ ಪಿಂಚಣಿ ನಿಂತು, ವಯಸ್ಸಾದ ಹೆಣ್ಣುಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾನು ಕಂಡಿದ್ದೇನೆ. ತಂದೆಯವರು ಇರುವಾಗ ಅವರ ಸಹಿಯಿಂದ ಆಗುವ ತಿದ್ದುಪಡಿ ಆಮೇಲೆ ಅಷ್ಟು ಸುಲಭವಲ್ಲ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಇಬ್ಬರ ಆಧಾರ್ ಪ್ರತಿ ಮತ್ತು ಅಫಿಡವಿಟ್ ಇಟ್ಟುಕೊಂಡು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ಅವರ ಮೂಲಕ ಬೆಂಗಳೂರಿನ ಎಎಸ್‌ಸಿ ರೆಕಾರ್ಡ್ಸ್ ಕಚೇರಿಗೆ ಅರ್ಜಿ ಕಳಿಸಿ. ಅಲ್ಲಿ ದಾಖಲೆ ಸರಿಯಾದ ಮೇಲೆ ಪಿಂಚಣಿ ಆದೇಶಕ್ಕೂ ತಿದ್ದುಪಡಿ ಹೊರಡುತ್ತದೆ. ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ‘ಸ್ಪರ್ಶ್’ ಖಾತೆಯಲ್ಲಿ ಅದು ಕಾಣಿಸುವ ತನಕ ಬಿಡಬೇಡಿ.

ಹಾಗೆಯೇ, ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಒಂಬತ್ತೇ ವರ್ಷಕ್ಕೆ ಸೈನ್ಯ ಬಿಟ್ಟು ಬಂದು, ಪೆನ್ಶನ್ ಇಲ್ಲದೆ ಈಗಲೂ ಹಮಾಲಿ ಮಾಡುತ್ತಿರುವ ತಂದೆಯವರ ಗೆಳೆಯರ ವಿಷಯ. 65 ದಾಟಿದ, ಪಿಂಚಣಿಯಾಗಲಿ ನಿಯಮಿತ ಆದಾಯವಾಗಲಿ ಇಲ್ಲದ, ಹವಾಲ್ದಾರ್ ಹುದ್ದೆಯವರೆಗಿನ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ಮಾಸಿಕ ನೆರವು ಸಿಗುತ್ತದೆ. 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಅವರನ್ನೂ ಅದೇ ಸೈನಿಕ ಕಲ್ಯಾಣ ಕಚೇರಿಗೆ ಜೊತೆಗೆ ಕರೆದುಕೊಂಡು ಹೋಗಿ.

ಲೇಖನ ಈ ಸಲದ ತೊಗರಿ ರಾಶಿ ಮುಗಿದ ಮೇಲೆ ಬಂದರೂ ಚಿಂತೆಯಿಲ್ಲ. ತಾಯಿಯವರ ಹೆಸರಿನ ಅರ್ಜಿ ಮಾತ್ರ ಈ ವಾರವೇ ಹೋಗಲಿ.

ನಿಮ್ಮ ವಿಶ್ವಾಸಿ,
ಸಂಪಾದಕ