ಪ್ರತಿಕ್ರಿಯೆ: ಕೈಕೆಲಸ ತೋರಿಸಿ ಹತ್ತನೆಯ ತರಗತಿ ಮುಗಿಸಬಹುದೇ?

ನಮಸ್ಕಾರ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಈಗ ಮಲ್ಪೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿರುವ ತಾವು, ಪರೀಕ್ಷೆಯ ಬದಲು ಕೈಕೆಲಸವನ್ನೇ ತೋರಿಸಿ ಹತ್ತನೆಯ ತರಗತಿಯ ಪ್ರಮಾಣಪತ್ರ ಪಡೆಯಬಹುದೇ ಎಂದು ಕೇಳಿದ್ದೀರಿ. ಅಮೆರಿಕದ ವಯಸ್ಕರಿಗೆ ನಿತ್ಯದ ಬದುಕಿನ ಕೌಶಲಗಳನ್ನು ಮಾಡಿ ತೋರಿಸಿ ಹೈಸ್ಕೂಲ್ ಡಿಪ್ಲೊಮಾ ಪಡೆಯುವ ನ್ಯಾಷನಲ್ ಎಕ್ಸ್‌ಟರ್ನಲ್ ಡಿಪ್ಲೊಮಾ ಪ್ರೋಗ್ರಾಂ ಇದೆ; ನಮ್ಮಲ್ಲಿ ಲಿಖಿತ ಪರೀಕ್ಷೆ ಇದ್ದೇ ಇರುತ್ತದೆ.

ಆದರೂ ತಮಗೆ ಒಪ್ಪುವ ದಾರಿಯೊಂದಿದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, 14 ವರ್ಷ ತುಂಬಿದ ಯಾರೂ ಹತ್ತನೆಯ ತರಗತಿಗೆ ಸೇರಬಹುದು; ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳನ್ನು 5 ವರ್ಷಗಳೊಳಗೆ, ಒಂದೊಂದಾಗಿಯಾದರೂ, ಮುಗಿಸಿದರೆ ಸಾಕು. ಗಣಿತ ಕಡ್ಡಾಯವಲ್ಲ. ಮನೆಯಲ್ಲೇ ಬರೆದು ಒಪ್ಪಿಸುವ ನಿಯೋಜಿತ ಕಾರ್ಯಕ್ಕೆ ಶೇ. 20ರಷ್ಟು ಅಂಕವಿದೆ. ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥ ವಿಷಯಗಳಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇದೆ.

ತಾವು ಗೃಹವಿಜ್ಞಾನವನ್ನು ಖಂಡಿತ ಆರಿಸಿಕೊಳ್ಳಿ. ನನ್ನ ಅತ್ತಿಗೆ ನಲವತ್ತರ ಹೊತ್ತಿಗೆ ಅದನ್ನು ಓದುವಾಗ, ಬಟ್ಟೆಯ ಪಾಠ ಬಂದ ದಿನ ಅಡುಗೆಮನೆಯಲ್ಲಿ ಎರಡು ನೂಲುಗಳನ್ನು ಸುಟ್ಟು ನೋಡಿದರು: ಹತ್ತಿಯದು ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಯಿತು, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಯಿತು. ಅಂಗಡಿಯಲ್ಲಿ ಕೈಗೆ ತಿಳಿದಿದ್ದ ಸಂಗತಿಯೇ ಪುಸ್ತಕದಲ್ಲಿ ಕಂಡಾಗ ಅವರ ಅರ್ಧ ಭಯ ಹೋಯಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳೆಯ ಶಾಲೆಯಿಂದ ವರ್ಗಾವಣೆ ಪತ್ರವನ್ನು ಮೊದಲು ತೆಗೆಸಿಟ್ಟುಕೊಳ್ಳಿ. ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಅಂಕಪಟ್ಟಿ ತರಿಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.