ಶ್ರುತಿ ತಪ್ಪಿಲ್ಲ, ಜಾಗಟೆ ಹಿಡಿಯಿರಿ

(ಕಳೆದ ಸಂಚಿಕೆಯಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದ ಗಮೆಲಾನ್ ಎಂಬ, ಜಾಗಟೆ ಮತ್ತು ಕಂಚಿನ ವಾದ್ಯಗಳ ಮೇಳದ ಬಗ್ಗೆ ಬರೆದದ್ದಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವು.)

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಫ್ರಾನ್ಸ್, ಜರ್ಮನಿ ಕಡೆಯವರು ಬರುತ್ತಾರೆ. ಮೊನ್ನೆ ಸಂಜೆ ಗಮೆಲಾನ್ ಹಾಕಿದೆ. ಒಬ್ಬರು ಶ್ರುತಿ ಸರಿಯಿಲ್ಲ ಎಂದರು. ಇನ್ನೊಬ್ಬರು ಧ್ಯಾನಕ್ಕೆ ಚೆನ್ನಾಗಿದೆ ಎಂದು ಫೋನ್ ನೋಡುತ್ತಾ ಕೂತರು. ಇವರಿಗೆ ಹೇಗೆ ಪರಿಚಯ ಮಾಡಿಸಲಿ?

ಉತ್ತರ: ಮೊದಲನೆಯವರೇ ವಾಸಿ. ಕಿವಿಗೊಟ್ಟಾದರೂ ಕೇಳಿದ್ದಾರಲ್ಲ. ಶ್ರುತಿ ಸರಿಯಾಗಿಯೇ ಇದೆ, ಪಿಯಾನೋದ ಶ್ರುತಿ ಅಲ್ಲ ಅಷ್ಟೆ. ಅಲ್ಲಿನ ಸ್ವರಶ್ರೇಣಿಗಳು ಎರಡು. ಸ್ಲೆಂದ್ರೊ ಎಂಬುದರಲ್ಲಿ 5 ಸ್ವರ, ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಪೆಲೊಗ್ ಎಂಬುದರಲ್ಲಿ 7, ಅಂತರ ಏರುಪೇರು. ಎಲ್ಲ ಊರಿಗೂ ಒಂದೇ ಅಳತೆ ಅಂತ ಇಲ್ಲ. ಒಂದೊಂದು ಮೇಳದ ಕಂಚಿನ ವಾದ್ಯಗಳನ್ನು ಆ ಮೇಳಕ್ಕೆಂದೇ ಶ್ರುತಿ ಮಾಡಿರುತ್ತಾರೆ, ಹಾಗಾಗಿ ಒಂದರ ವಾದ್ಯ ಎತ್ತಿಕೊಂಡು ಹೋಗಿ ಇನ್ನೊಂದರಲ್ಲಿ ಕೂರಿಸಿದರೆ ಹೊಂದುವುದಿಲ್ಲ. ಇಷ್ಟನ್ನು ಹಾಕುವ ಮುಂಚೆಯೇ ಹೇಳಿಬಿಡಿ. ಫ್ರಾನ್ಸಿನವರಾದರೆ, 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವರ ಸಂಗೀತ ರಚನಕಾರ ದೆಬ್ಯುಸಿ ಜಾವಾದ ವಾದನ ಕೇಳಿ ಮರುಳಾಗಿದ್ದರು ಎಂದು ಸೇರಿಸಿ. ಆಮೇಲೆ ಶ್ರುತಿಯ ಮಾತು ಎತ್ತುವುದಿಲ್ಲ.

ಧ್ಯಾನದವರದ್ದು ಕಷ್ಟ. ಸುಮ್ನೆ ಕೂರಿಸಬೇಡಿ, ಒಂದು ಕೆಲಸ ಕೊಡಿ. 'ಕೆತವಾಂಗ್ ಪುಸ್ಪವರ್ನ' ಎಂಬ ರಚನೆ ಹಾಕಿ. ಜಾವಾದ ಯೋಗ್ಯಕರ್ತಾ ನಗರದ ಪಾಕು ಆಲಮನ್ ಅರಮನೆಯ ಮೇಳ ನುಡಿಸಿದ್ದು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ರೆಕಾರ್ಡಿನಲ್ಲಿ ಆಕಾಶಕ್ಕೂ ಹೋಗಿದೆ. (ಅದೇ ರೆಕಾರ್ಡಿನಲ್ಲಿ ಕನ್ನಡದ ಶುಭಾಶಯವೂ ಇದೆ, ಇದನ್ನು ಹೇಳದೆ ಬಿಡಬೇಡಿ.) ಪೀಠಿಕೆ ಮುಗಿಯುವಾಗ ಒಂದು ದೊಡ್ಡ ಜಾಗಟೆ ಬೀಳುತ್ತದೆ. ಅಲ್ಲಿಂದ ಮುಂದೆ 16 ಎಣಿಕೆಗೊಮ್ಮೆ ಅದೇ ಜಾಗಟೆ. ನಿಮ್ಮ ಅತಿಥಿಗಳು ಜಾಗಟೆಯನ್ನೇ ಒಂದು ಅಂತ ಎಣಿಸುತ್ತಾರೆ, ನಾವೂ ಹಾಗೇ, ಯಾಕೆಂದರೆ ನಮ್ಮ ತಾಳದಲ್ಲೂ ಆವರ್ತದ ಮೊದಲ ಪೆಟ್ಟಿಗೇ ತೂಕ. ಜಾವಾದಲ್ಲಿ ಜಾಗಟೆ 16ನೆಯದು. ಎಲ್ಲ ವಾದ್ಯಗಳೂ ಅದನ್ನು ಮುಟ್ಟಲೆಂದೇ ಹೊರಟಿರುತ್ತವೆ. ಇದೊಂದು ಹಿಡಿದರೆ ಅರ್ಧ ದಾರಿ ಬಂದ ಹಾಗೆ.

ಆಮೇಲೆ ಮೂಲ ಧಾಟಿ ಹಿಡಿಯುವ ಸಾರೊನ್, ಸ್ಲೆಂತೆಮ್ ಎಂಬ ಲೋಹದ ಪಟ್ಟಿಗಳ ವಾದ್ಯಗಳ ಕಡೆ ಕಿವಿ ಹೋಗಲಿ. ಲಯ ನಿಧಾನವಾದಾಗ ಇವುಗಳ ಸ್ವರಗಳು ದೂರ ದೂರ ಸರಿಯುತ್ತವೆ, ಆಗ ಗೆಂದೆರ್ (ಲೋಹದ ಪಟ್ಟಿಗಳದ್ದು), ಗಂಬಾಂಗ್‌ನಂಥ (ಮರದ ಪಟ್ಟಿಗಳದ್ದು) ವಾದ್ಯಗಳು ಆ ಸಂದಿಯಲ್ಲಿ ಮೊದಲಿನ ಎರಡು ಪಟ್ಟು ಸ್ವರ ತುಂಬುತ್ತವೆ. ಹೊರಗೆ ನಿಧಾನ, ಒಳಗೆ ಕೆಲಸ ಜಾಸ್ತಿ! ನನ್ನ ಮಟ್ಟಿಗೆ ಗಮೆಲಾನಿನ ಅಸಲು ಮಜಾ ಇದೇ. ಇದನ್ನೆಲ್ಲ ನಡೆಸುವವರು ಕೆಂದಾಂಗ್ ಎಂಬ ಚರ್ಮವಾದ್ಯ ಬಾರಿಸುವವರು. ಯಕ್ಷಗಾನದಲ್ಲಿ ಭಾಗವತರು ಜಾಗಟೆ ಹಿಡಿದು ಮೇಳ ನಡೆಸುತ್ತಾರೆ ಅಲ್ವಾ, ಜಾವಾದಲ್ಲಿ ಜಾಗಟೆಯವರಿಗೆ ಆ ಯಜಮಾನಿಕೆ ಇಲ್ಲ.

ಪ್ರಶ್ನೆ: ನಾನು ಯೂಟ್ಯೂಬಿನಲ್ಲಿ ನೋಡಿದ ಗಮೆಲಾನ್ ಮಿಂಚಿನ ವೇಗದಲ್ಲಿತ್ತು. ನೀವು ನಿಧಾನದ ಸಂಗೀತ ಅಂತ ಬರೆದಿದ್ದೀರಿ. (ಸಾಗರ)

ಉತ್ತರ: ನೀವು ನೋಡಿದ್ದು ಬಾಲಿಯದ್ದು ಇರಬೇಕು. ಅಲ್ಲಿ 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಕೆಬ್ಯಾರ್ ಶೈಲಿ ಒಮ್ಮೆಲೇ ಸಿಡಿಯುತ್ತದೆ, ತಟ್ಟನೆ ನಿಲ್ಲುತ್ತದೆ. ಹೊಸಬರಿಗೆ ಬೇಗ ಹಿಡಿಸುತ್ತದೆ, ನಿಜ. ಆದರೆ ಅದನ್ನು ಮೊದಲು ಕೇಳಿಸಿದರೆ ಆಮೇಲೆ ಜಾವಾದ ಸುರಕರ್ತಾ, ಯೋಗ್ಯಕರ್ತಾ ನಗರಗಳ ಅರಮನೆ ವಾದನ ಸಪ್ಪೆ ಎನಿಸೀತು. ನಾನಾದರೆ ಜಾವಾದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಫೋನಿನಲ್ಲೇ ಕೇಳಿಸಿದರೆ ಸಾಕಾ? (ಶಿವಮೊಗ್ಗ)

ಉತ್ತರ: ಸಾಲದು. ದೊಡ್ಡ ಜಾಗಟೆಯ ನಾದ ತುಂಬ ಕೆಳಗಿನದು, ಫೋನಿನ ಪುಟ್ಟ ಸ್ಪೀಕರಿಗೆ ಅದು ಎಟುಕುವುದಿಲ್ಲ. ಎಣಿಸಿ ಅಂತ ಹೇಳಿ ಎಣಿಸಬೇಕಾದ್ದನ್ನೇ ಕೇಳಿಸದಿದ್ದರೆ ಏನು ಮಾಡ್ತಾರೆ ಪಾಪ? ಒಳ್ಳೆಯ ಸ್ಪೀಕರ್ ಇಡಿ, ಇಲ್ಲವಾದರೆ ಹೆಡ್‌ಫೋನ್. ತಗಡಿನ ಮಾಡಿನ ಕೆಳಗಾದರೆ ಮಳೆ ನಿಲ್ಲುವ ತನಕ ಕಾಯಿರಿ, ಜುಲೈ ತಿಂಗಳಲ್ಲಿ ಅದೂ ಕಷ್ಟವೇ.