ಸವೆದ ಜೀಪನ್ನು ಇದ್ದಂತೆಯೇ ಮಾರಿ

ನಮಸ್ಕಾರ. ಮೂಡಿಗೆರೆಯ ತೋಟದಲ್ಲಿ ದುಡಿದು ಸವೆದ ಮಹೀಂದ್ರಾ ಜೀಪನ್ನು ರಿಪೇರಿ ಮಾಡಿಸಿ ಮಾರಬೇಕೋ, ಇದ್ದಂತೆಯೇ ಮಾರಬೇಕೋ ಎಂದು ಕೇಳಿದ್ದೀರಿ. ಇದ್ದಂತೆಯೇ ಮಾರಿ, ಇಂಥ ಗಾಡಿಯನ್ನು ಹುಡುಕಿಕೊಂಡು ಬರುವವರು ಅದನ್ನು ತಾವೇ ಮುಂದೆ ನಿಂತು ಸರಿಪಡಿಸಿಕೊಳ್ಳಲು ಬಯಸುವವರಾದ್ದರಿಂದ, ಮೇಲೆ ಬಳಿದ ಹೊಸ ಬಣ್ಣ ಅವರಲ್ಲಿ ಅನುಮಾನವನ್ನೇ ಹುಟ್ಟಿಸುತ್ತದೆ. ಮಲೆನಾಡಿನ ಮಳೆಗೆ ಚಾಸಿ ಎಲ್ಲೆಲ್ಲಿ ತುಕ್ಕು ಹಿಡಿದಿದೆ, ಫೋರ್ ವೀಲ್ ಗೇರು ಸರಿಯಾಗಿ ಬೀಳುತ್ತದೆಯೇ, ಬೆಳಗಿನ ಚಳಿಯಲ್ಲಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆಯೇ ಎಂಬುದನ್ನು ಫೋಟೋ ಸಹಿತ ಮೊದಲೇ ತಿಳಿಸಿ. ಬೆಲೆಗಿಂತ ಮುಖ್ಯವಾದುದು ದಾಖಲೆ. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷಕ್ಕೆ ಮುಗಿಯುವುದರಿಂದ ಆರ್‌ಸಿ ನವೀಕರಣವಾಗಿದೆಯೇ ಎಂದು ನೋಡಿಕೊಳ್ಳಿ. ದಯವಿಟ್ಟು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.